ಎಡಗಡೆಯ ಬಿಲ್ಲೆ

ಒಂದು ಗುಟುಕು ಗಂಟಲಿಗಿಳಿದ ಮೇಲೆಯೇ ಕಾಫಿ ಸಿಹಿಯಾಗಿದೆಯೆಂದು ಅವನಿಗೆ ಗೊತ್ತಾದದ್ದು. ಮೂರು ವರ್ಷದಿಂದ ಸಕ್ಕರೆ ಕಾಯಿಲೆ, ಮೂರು ವರ್ಷದಿಂದ ಸಪ್ಪೆ ಕಾಫಿ; ಹಾಗಾಗಿ ನಾಲಿಗೆಗೆ ಮೊದಲು ಆದದ್ದು ಸಂತೋಷ, ಆಮೇಲೆ ಗಾಬರಿ. ಅಷ್ಟರಲ್ಲಿ ಹೆಂಡತಿ ಕೈಯಿಂದ ಲೋಟ ಕಸಿದುಕೊಂಡಿದ್ದಳು.

"ಅದು ನಂದು ರೀ!"

"ಎಡಗಡೆ ಇತ್ತಲ್ಲ. ದಿನಾ ಎಡಗಡೆ ಇರೋದು ನಂದೇ ತಾನೆ?"

"ದಿನಾ ಕಿಟಕಿ ಕಡೆ ಕುರ್ಚೀಲಿ ಕೂರ್ತೀರಿ. ಇವತ್ತು ಅದರ ಮೇಲೆ ಬಟ್ಟೆ ಇದೆ ಅಂತ ಈ ಕಡೆ ಬಂದು ಕೂತಿದೀರಿ. ಲೋಟ ಇಡೋ ಜಾಗದಲ್ಲೇ ಇದೆ, ತಿರುಗಿರೋದು ನೀವು. ಲ್ಯಾಬಲ್ಲೂ ಹೀಗೇನಾ ಕೆಲಸ ಮಾಡೋದು?"

ತಮಾಷೆಗೆ ಅಂದು ಅವಳು ಒಳಗೆ ಹೋದಳು. ಅವನ ಕೈ ಮಾತ್ರ ಲೋಟ ಹಿಡಿದ ಆಕಾರದಲ್ಲೇ ಮೇಜಿನ ಮೇಲೆ ಉಳಿಯಿತು. ಮೊನ್ನೆ ಮಧ್ಯಾಹ್ನ ಕಾರ್ಖಾನೆಯಲ್ಲಿ, ಟೈಲ್ಸು ಸುಡುವ ಗೂಡಿನ ಬಾಯಲ್ಲಿ ತನ್ನ ಮೊಣಕೈಗೆ ಏನೋ ತಾಗುತ್ತಿತ್ತು. ಏನದು? ಮರಳು ತುಂಬಿದ ಕೆಂಪು ಬಕೆಟ್ಟು. ಬೆಂಕಿ ಬಿದ್ದರೆ ಇರಲಿ ಎಂದು ಗೋಡೆಗೆ ನೇತುಹಾಕಿದ್ದು. ಆ ಬಕೆಟ್ಟು ಇರುವುದು ಗೂಡಿನ ಆಚೆ, ಗೋಡೆಯ ಕಡೆ. ಮೂವತ್ತು ವರ್ಷದಿಂದ ಅವನು ನಿಂತದ್ದು ಈಚೆ, ಲ್ಯಾಬಿನ ಕಡೆ. ಮೊನ್ನೆ ಮಾತ್ರ ಆಚೆ ಹೋಗಿ ನಿಂತು, ಪರೀಕ್ಷೆಗೆಂದು ಸುಟ್ಟ ಎರಡು ಬಿಲ್ಲೆಗಳಲ್ಲಿ ಎಂದಿನಂತೆ ಎಡಗಡೆಯದನ್ನು ಎಡ ಜೇಬಿಗೆ, ಬಲಗಡೆಯದನ್ನು ಬಲ ಜೇಬಿಗೆ ಹಾಕಿಕೊಂಡು ಬಂದಿದ್ದ. ಸಪ್ಪೆ ಕಾಫಿಯನ್ನು ಅವನು ಮುಟ್ಟಲೇ ಇಲ್ಲ.

ಅವನು ಟೈಲ್ಸ್ ಕಾರ್ಖಾನೆಯ ಲ್ಯಾಬಿನ ಕೆಮಿಸ್ಟ್. ಹಡಗಿನಲ್ಲಿ ಬರುವ ಫೆಲ್ಡ್‌ಸ್ಪಾರ್ ಕಲ್ಲನ್ನು ಒಳಗೆ ಬಿಡುವುದೋ ಹಿಂದೆ ಕಳಿಸುವುದೋ ಎಂದು ಹೇಳುವುದು ಅವನ ಕೆಲಸ. ಕಾರ್ಖಾನೆಯಲ್ಲಿ ಅಷ್ಟುದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಅದು ಹಡಗಿನ ಕಲ್ಲು. ಜೇಡಿಮಣ್ಣು, ಮರಳು, ಹಡಗಿನ ಕಲ್ಲು, ಈ ಮೂರನ್ನೂ ನೀರಿನಲ್ಲಿ ಅರೆದು, ಒಣಗಿಸಿ, ಪುಡಿಯನ್ನು ಪ್ರೆಸ್ಸಿನಲ್ಲಿ ಒತ್ತಿ, ಗೂಡಿನಲ್ಲಿ ಸುಟ್ಟರೆ ಟೈಲ್ಸು. ಬೆಂಕಿಯಲ್ಲಿ ಮಣ್ಣು ಬಿಗಿಯುತ್ತದೆ, ಮರಳು ಹಟ ಹಿಡಿದು ಕೂರುತ್ತದೆ. ಕರಗಿ ಅವೆರಡನ್ನೂ ಹಿಡಿದು ಕೂರಿಸುವುದು ಈ ಕಲ್ಲೊಂದೇ. "ಮನೇಲಿ ಕರಗೋನು ಒಬ್ಬ ಇರ್ಬೇಕು ನೋಡು, ಆಗ ಉಳಿದೋರು ನಿಲ್ತಾರೆ," ಎಂದು ಅವನಿಗೆ ಕೆಲಸ ಕಲಿಸುವಾಗ ಭಾವ ಹೇಳಿದ್ದ. ಭಾವ ಎಂದರೆ ಅಕ್ಕನ ಗಂಡ, ಗೂಡಿನ ಮೇಸ್ತ್ರಿ. ಓದು ಮುಗಿಸಿ ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಬಿದ್ದುಕೊಂಡಿದ್ದವನನ್ನು ಕೈಹಿಡಿದು ಈ ಕಾರ್ಖಾನೆಗೆ ತಂದು ನಿಲ್ಲಿಸಿದವನು. ಕಲ್ಲಿನ ಪುಡಿಯನ್ನು ನಾಣ್ಯದಷ್ಟಗಲ ಬಿಲ್ಲೆಯಾಗಿ ಒತ್ತಿ, ಒಂದು ಟೈಲ್ಸಿನ ಮೇಲಿಟ್ಟು ಗೂಡಿನೊಳಗೆ ಬಿಡುವುದನ್ನು ತೋರಿಸಿಕೊಟ್ಟವನೂ ಅವನೇ. ಕಲ್ಲು ಒಳ್ಳೆಯದಾದರೆ ಬಿಲ್ಲೆ ಕರಗಿ ಬೆಳ್ಳಗೆ ಹೊಳೆಯುತ್ತ ಬರುತ್ತದೆ. ಕಬ್ಬಿಣ ಬೆರೆತಿದ್ದರೆ ಹಳದಿಗಟ್ಟಿ, ಕಂದು ಚುಕ್ಕಿ ಎದ್ದು, ಮುದುಕನ ಅಂಗೈಯಂತೆ ಕಾಣುತ್ತದೆ.

ಬಿಲ್ಲೆಯ ಬೆನ್ನಿಗೆ ಸೂಜಿಯಿಂದ ಗುರುತು ಕೆರೆಯಬೇಕು ಎಂಬುದು ನಿಯಮ. ಅವನು ಕೆರೆಯುತ್ತಿರಲಿಲ್ಲ. ಎಡಕ್ಕೆ ಇಟ್ಟದ್ದು ಎಡಕ್ಕೇ ಬರುತ್ತದೆ, ನನ್ನ ಎಡ ಬಲ ನನಗೆ ಗೊತ್ತಿಲ್ಲವೇ ಎಂಬ ಜಂಬ. ಮೊನ್ನೆ ಎರಡು ಹಡಗಿನ ಕಲ್ಲು ಒಟ್ಟಿಗೆ ಬಂದಿತ್ತು. ಅಂಗಳದಲ್ಲಿ ಒಂದು ರಾಶಿಗೆ ನೀಲಿ ತಾಡಪಾಲು, ಇನ್ನೊಂದಕ್ಕೆ ಕಪ್ಪು. ಲ್ಯಾಬಿನ ಕಡೆ ನಿಂತು ಗೂಡಿಗೆ ಬಿಡುವಾಗ ನೀಲಿ ರಾಶಿಯ ಬಿಲ್ಲೆಯನ್ನು ಎಡಕ್ಕೆ, ಕಪ್ಪು ರಾಶಿಯದನ್ನು ಬಲಕ್ಕೆ ಇಟ್ಟಿದ್ದ. ಐವತ್ತು ನಿಮಿಷದ ಮೇಲೆ ತೆಗೆದುಕೊಳ್ಳಲು ಹೋದರೆ ಗೂಡಿನ ಬಾಯಲ್ಲಿ, ಲ್ಯಾಬಿನ ಕಡೆಯಲ್ಲೇ, ಕೈಗವಸು ಹಾಕಿಕೊಂಡು ಭಾವ ನಿಂತಿದ್ದ. ಹನ್ನೊಂದು ತಿಂಗಳಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಬೇರೆ ದಿನಗಳಲ್ಲಿ ಭಾವ ಚಹಾಕ್ಕೆ ಹೋಗುವ ಹೊತ್ತು ನೋಡಿಕೊಂಡೇ ಅವನು ಬಿಲ್ಲೆ ತರಲು ಹೋಗುತ್ತಿದ್ದುದು. ಮೊನ್ನೆ ಲೆಕ್ಕ ತಪ್ಪಿತ್ತು. ಏನೋ ನೆನಪಾದವನಂತೆ ಹಣೆ ಮುಟ್ಟಿಕೊಂಡು ಸುತ್ತು ಹಾಕಿ ಆಚೆ ಹೋಗಿ, ಗೋಡೆಗೆ ಅಂಟಿಸಿದ್ದ ಸುರಕ್ಷತಾ ಸೂಚನೆಗಳನ್ನು ಒಂದರಿಂದ ಹನ್ನೆರಡರವರೆಗೆ ಓದುತ್ತ ನಿಂತ. ಹನ್ನೆರಡನ್ನೂ ಬರೆದವನು ಅವನೇ. ಓದಿ ಮುಗಿಸಿ ತಿರುಗುವ ಹೊತ್ತಿಗೆ ಟೈಲ್ಸು ಬಂದು ನಿಂತಿತ್ತು: ಎಡಗಡೆಯದು ಹಾಲಿನಂತೆ ಬಿಳಿ, ಬಲಗಡೆಯದು ಕಂದು ಚುಕ್ಕಿ. ಲ್ಯಾಬಿಗೆ ಬಂದು ನೀಲಿ ಪಾಸು, ಕಪ್ಪು ವಾಪಸು ಎಂದು ಬರೆದು ಸಹಿ ಹಾಕಿದ. ಹಾಗೆ ನಿಂತದ್ದು ಆಚೆ ಕಡೆ ಎಂದಮೇಲೆ ಆ ಬಿಳಿ ಬಿಲ್ಲೆ ಕಪ್ಪು ರಾಶಿಯದು. ಪಾಸು ಬರೆದ ನೀಲಿ ರಾಶಿಯ ಕಂದು ಚುಕ್ಕಿಯ ಕಲ್ಲು ನಿನ್ನೆಯೇ ಅರೆದು ಪುಡಿಯಾಗಿದೆ. ಇವತ್ತು ಹತ್ತು ಗಂಟೆಗೆ ಅದರ ಮೊದಲ ಟೈಲ್ಸು ಗೂಡಿನಿಂದ ಹೊರಗೆ ಬರುತ್ತದೆ.

"ಅಂದ ಹಾಗೆ ನಿಮ್ಮಕ್ಕ ಫೋನ್ ಮಾಡಿದ್ರು," ಎಂದಳು ಹೆಂಡತಿ, ಅವನು ಚಪ್ಪಲಿ ಮೆಟ್ಟುವಾಗ. "ತಮ್ಮನಿಗೆ ಇನ್ನೂ ಕೆಲಸ ಜಾಸ್ತೀನೇನಾ ಅಂತ ಕೇಳಿದ್ರು."

"ಏನು ಹೇಳಿದೆ?"

"ಏನು ಹೇಳ್ಲಿ? ಹೌದು ಅಂದೆ. ಹೋಗಿ ಬರೋಕೆ ಎರಡು ಬೀದಿ, ಹನ್ನೊಂದು ತಿಂಗಳು ಪುರುಸೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ?"

ಅಕ್ಕ ಚುಚ್ಚುತ್ತಿದ್ದಾಳೆ ಎಂದುಕೊಂಡ. ಚುಚ್ಚಲಿ. ಚುಚ್ಚುವುದಕ್ಕೆ ಅವಳಿಗೆ ಹಕ್ಕಿದೆ. ಎದುರು ಮನೆಯವರು ನಗೆ ಬೀರಿದರು, ಇವನೂ ಬೀರಿದ. ಕಂಪನಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಪ್ಯಾಕಿಂಗ್ ವಿಭಾಗದ ಹೆಂಗಸು, "ಯಾಕೆ ಬಿಲ್ಲೆ ಸಾಹೇಬ್ರೇ, ಮುಖ ಸಪ್ಪಗಿದೆ?" ಎಂದು ಕೇಳಿದ್ದಕ್ಕೆ, "ಸಿಹಿ ಕಾಫಿ ಕುಡಿದೆ" ಎಂದುಬಿಟ್ಟ. ಅವಳು ನಕ್ಕಳು. ಕಿಟಕಿಯಾಚೆ ಪೆಟ್ರೋಲ್ ಬಂಕು, ಶಾಲೆಯ ಕಾಂಪೌಂಡು, ಬೀಗ ಹಾಕಿದ ಸಿನಿಮಾ ಮಂದಿರ ಹಿಂದೆ ಸರಿದವು. ಅವನಿಗೆ ಕಳೆದ ವರ್ಷದ ಸಭೆ ನೆನಪಾಯಿತು. ಮೇಜಿನ ಮೇಲೆ ಆರು ಟೈಲ್ಸು ಸಾಲಾಗಿ ಬಿದ್ದಿದ್ದವು. ಬಿಳಿ ಬರಬೇಕಾದದ್ದು ಹಳದಿ ಬಂದಿತ್ತು, ಮೈತುಂಬ ಚುಕ್ಕಿ. ಮ್ಯಾನೇಜರು ಕೇಳಿದ್ದು ಎರಡೇ ಮಾತು: "ಕಲ್ಲಾ? ಬೆಂಕೀನಾ?" ಎಲ್ಲರೂ ಅವನನ್ನು ನೋಡಿದರು. ಆ ಕಲ್ಲಿನ ಬಿಲ್ಲೆಯನ್ನು ಅವನು ಸುಟ್ಟೇ ಇರಲಿಲ್ಲ. ಯಾವಾಗಲೂ ಚೆನ್ನಾಗಿಯೇ ಬರುವ ಕಲ್ಲು, ಇದೂ ಹಾಗೇ ಇರುತ್ತದೆ ಎಂದು ಸುಮ್ಮನೆ ಪಾಸು ಬರೆದಿದ್ದ. "ಕಲ್ಲು ಸರಿಯಾಗಿತ್ತು ಸಾರ್," ಎಂದ. ಮೂರೇ ಪದ. ಮೇಜಿನ ಆ ತುದಿಯಲ್ಲಿ ಕೂತಿದ್ದ ಭಾವ ತಲೆಯೆತ್ತಿ ಅವನನ್ನು ನೋಡಿದ. ಸಿಟ್ಟಿನ ನೋಟವಾಗಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದನೇನೋ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ವಿಚಾರಿಸುವಂತಿತ್ತು. ಆಮೇಲೆ ತಲೆ ತಗ್ಗಿಸಿ, "ಬೆಂಕಿ ಏರುಪೇರಾಗಿರಬೋದು ಸಾರ್," ಎಂದ.

ಮರುವಾರ ಹೊಸ ಮೇಸ್ತ್ರಿ ಬಂದ. ಗೂಡಿನ ಪಕ್ಕದ ಗಾಜಿನ ಕೋಣೆ, ತಿರುಗುವ ಕುರ್ಚಿ, ಬೆಂಕಿಯ ಅಂಕಿ ತೋರಿಸುವ ಪರದೆಗಳು ಎಲ್ಲ ಅವನ ಪಾಲಾದವು. ನಲವತ್ತು ವರ್ಷ ಬೆಂಕಿ ನೋಡಿದ ಭಾವನನ್ನು ಗೂಡಿನ ಬಾಯಲ್ಲಿ, ಸುಟ್ಟು ಬಂದ ಟೈಲ್ಸನ್ನು ಎತ್ತಿಡುವ ಕೂಲಿಯವರ ಸಾಲಿನಲ್ಲಿ ನಿಲ್ಲಿಸಿದರು. ಸಭೆ ಮುಗಿದ ಸಂಜೆಯೇ ಅವನು ತನ್ನ ಲ್ಯಾಬಿನಲ್ಲಿ ಉಳಿದಿದ್ದ ಚೂರು ಕಲ್ಲನ್ನು ಅರೆದು ಬಿಲ್ಲೆ ಮಾಡಿ ಸುಟ್ಟು ನೋಡಿದ್ದ. ಕಂದು ಚುಕ್ಕಿ. ಆ ಬಿಲ್ಲೆಯನ್ನು ಬಿಸಾಡುವ ಧೈರ್ಯ ಬರಲಿಲ್ಲ, ತೋರಿಸುವ ಧೈರ್ಯವಂತೂ ಮೊದಲೇ ಇಲ್ಲ. ಲ್ಯಾಬಿನ ಕೆಳಗಿನ ಡ್ರಾಯರಿನಲ್ಲಿ, ಹಳೆಯ ಕನ್ನಡಕದ ಡಬ್ಬಿಯೊಳಗೆ ಇಟ್ಟ. ಅಲ್ಲಿಂದಾಚೆಗೆ ಯಾರಾದರೂ ಆ ಡ್ರಾಯರಿನ ಹತ್ತಿರ ಬಗ್ಗಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಇವನ ಕೈ ತಾನಾಗಿ ಜೇಬಿನ ಬೀಗದಕೈ ತಡವುತ್ತಿತ್ತು. ಬೇರೆಯವರಿಗೆ ಅದೇನು ಕಾಣಬೇಕು, ಮಧ್ಯ ವಯಸ್ಸಿನ ಮನುಷ್ಯನೊಬ್ಬ ಜೇಬು ಮುಟ್ಟಿಕೊಳ್ಳುತ್ತಾನೆ, ಅಷ್ಟೆ.

ಅಂಗಳದಲ್ಲಿ ಕಪ್ಪು ತಾಡಪಾಲನ್ನು ತೆಗೆದಿದ್ದರು. ಒಂದು ಲಾರಿಗೆ ಕಲ್ಲು ತುಂಬಿ ಆಗಿತ್ತು, ಇನ್ನೊಂದಕ್ಕೆ ತುಂಬುತ್ತಿದ್ದರು. ಹಿಂದಕ್ಕೆ, ಬಂದರಿಗೆ. ಅವನು ರಾಶಿಯ ಹತ್ತಿರ ನಿಂತು ಒಂದು ಹೆಂಟೆಯನ್ನು ಎತ್ತಿಕೊಂಡ. ಕಡಲಾಚೆಯ ಯಾವುದೋ ಬೆಟ್ಟದ ಬಿಳಿ ತುಂಡು. ಬಿಸಿಲಿಗೆ ಹಿಡಿದು ನೋಡಿದ. ಬಿಳಿಯಾಗೇ ಇದೆ, ಆದರೆ ಹಸಿ ಕಲ್ಲೆಲ್ಲ ಬಿಳಿಯೇ. ಹಡಗಿನಿಂದ ಇಳಿದಾಗ ಯಾವ ಕಲ್ಲೂ ತಾನು ಇಂಥದ್ದು ಎಂದು ಹೇಳುವುದಿಲ್ಲ, ಬೆಂಕಿಗೆ ಹೋಗಿ ಬಂದ ಮೇಲೆಯೇ ಅದರ ಬಣ್ಣ ಬಯಲಾಗುವುದು. ಈ ಮಾತನ್ನು ತರಬೇತಿಗೆ ಬಂದವರ ಮುಂದೆ ಅವನು ಎಷ್ಟೋ ಸಲ ಗತ್ತಿನಿಂದ ಹೇಳಿದ್ದ. ಲಾರಿ ಡ್ರೈವರು ಬೀಡಿ ಎಸೆದು, "ಏನು ಸಾಹೇಬ್ರೇ, ಕಳಿಸಿಕೊಡೋಕೆ ಬಂದ್ರಾ? ಇಷ್ಟು ದೂರದಿಂದ ಬಂದಿದ್ದನ್ನ ವಾಪಸ್ ಕಳಿಸ್ತೀರಲ್ಲ, ಪಾಪ," ಎಂದ. ಕಲ್ಲಿಗೂ ಪಾಪ ಅನ್ನುವವರಿದ್ದಾರೆ. ಅವನು ಕಪ್ಪು ರಾಶಿಯ ಹೆಂಟೆಯನ್ನು ಒಂದು ಜೇಬಿಗೆ ಹಾಕಿಕೊಂಡು, ನೀಲಿ ರಾಶಿಯಲ್ಲಿ ಉಳಿದಿದ್ದುದರಿಂದ ಇನ್ನೊಂದು ಹೆಂಟೆ ತೆಗೆದುಕೊಂಡು ಲ್ಯಾಬಿಗೆ ಹೋದ. ಬಿಲ್ಲೆ ಮಾಡಿ ಮತ್ತೆ ಸುಟ್ಟು ನೋಡಿದರೆ ಆಯಿತಲ್ಲ ಎಂದು ದಾರಿಯಲ್ಲಿ ಧೈರ್ಯ ಹೇಳಿಕೊಂಡ. ಹಾಗೆ ಸುಡಬೇಕಾದರೂ ಗೂಡಿಗೇ ಹೋಗಬೇಕು, ಭಾವನ ಮುಂದೆಯೇ ನಿಲ್ಲಬೇಕು.

ಒರಳಿನಲ್ಲಿ ಕಲ್ಲು ಕುಟ್ಟಿದ, ಜರಡಿ ಹಿಡಿದ, ಎರಡು ಹನಿ ನೀರು ಬೆರೆಸಿ ಅಚ್ಚಿನಲ್ಲಿ ಒತ್ತಿದ. ಈ ಸಲ ಸೂಜಿ ತೆಗೆದುಕೊಂಡು ಎರಡರ ಬೆನ್ನಿಗೂ ಗುರುತು ಕೆರೆದ: ನೀಲಿಗೆ ಒಂದು ಗೀಟು, ಕಪ್ಪಿಗೆ ಎರಡು. ಕೈ ನಡುಗಿ ಎರಡನೆಯದು ಮೂರು ಗೀಟಾಯಿತು. ಗಡಿಯಾರ ಒಂಬತ್ತೂವರೆ. ಸುಡುವುದಕ್ಕೇ ಐವತ್ತು ನಿಮಿಷ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ತಾನು ಮಾಡುತ್ತಿರುವುದು ಎಂದು ತಿಳಿದೂ ಬಿಲ್ಲೆಗಳ ಅಂಚನ್ನು ಬೆರಳಿನಿಂದ ನಯ ಮಾಡುತ್ತ ಕೂತ. ಆಗ ಮ್ಯಾನೇಜರು ಬಾಗಿಲಲ್ಲಿ ಕಾಣಿಸಿಕೊಂಡರು. ಸಮ ವಯಸ್ಸಿನವರು, ಹಲ್ಲುನೋವಿನವರು, ಒಂದು ದವಡೆಗೆ ಸದಾ ಕೈ.

"ಬನ್ನಿ, ಮೊದಲನೇ ಟೈಲ್ಸ್ ಬರ್ತಾ ಇದೆ. ಆಸ್ಪತ್ರೆ ಆರ್ಡರು, ಅಪ್ಪಟ ಬಿಳಿ ಬೇಕು ಅಂದಿದಾರೆ. ನಿಮ್ಮದೇನೂ ಚಿಂತೆ ಇಲ್ಲ ಬಿಡಿ, ನಿಮ್ಮ ಕಲ್ಲು ಪಾಸಾಗಿದೆ. ನನಗೆ ಭಯ ಇರೋದು ಗೂಡಿಂದು."

"ಗೂಡಿಗೇನಾಯ್ತು ಸಾರ್?"

"ನಿಮಗೆ ಗೊತ್ತಿಲ್ವಾ? ಹೊಸ ಮೇಸ್ತ್ರಿ ಜ್ವರ ಅಂತ ಮಲಗಿದಾನೆ. ನಿನ್ನೆಯಿಂದ ಬೆಂಕಿ ನಿಮ್ಮ ಭಾವನ ಕೈಯಲ್ಲೇ ಇದೆ. ಕಳೆದ ವರ್ಷದ ಥರ ಏನಾದ್ರೂ ಆದ್ರೆ ಈ ಸಲ ಗೂಡಿನ ಬಾಯಲ್ಲೂ ನಿಲ್ಲಿಸಲ್ಲ, ಮನೆಗೆ ಕಳಿಸ್ತೀನಿ ಅಂತ ಮೊದಲೇ ಹೇಳಿದೀನಿ. ಸಂಬಂಧಿಕರು ಅಂತ ನೀವು ಬೇಜಾರು ಮಾಡ್ಕೋಬಾರ್ದು."

ಇಲ್ಲಿ ಅವನ ಮನಸ್ಸು ಮಾಡಿದ್ದನ್ನು ಹೇಳಲೇಬೇಕು, ಮುಚ್ಚಿಟ್ಟು ಉಪಯೋಗವಿಲ್ಲ. ಆ ಮನಸ್ಸಿಗೆ ಒಂದು ಗಳಿಗೆ ಹಾಯೆನಿಸಿತು. ಟೈಲ್ಸು ಹಳದಿ ಬಂದರೆ ಯಾರೂ ಅವನನ್ನು ಕೇಳುವುದಿಲ್ಲ. ಎಲ್ಲ ತಾನಾಗಿ, ಹೂವೆತ್ತಿದಷ್ಟು ಹಗುರವಾಗಿ ಮುಗಿದುಹೋಗುತ್ತದೆ. ಮತ್ತೆ ಆ ಮೂರು ಪದಗಳನ್ನು ಹೇಳುವ ಕೆಲಸವೂ ಇಲ್ಲ, ಈ ಸಲ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಾಯೆನಿಸಿದ ಮರುಗಳಿಗೆ ಅವನಿಗೆ ತನ್ನ ಮೇಲೆಯೇ ಎಂಥ ಅಸಹ್ಯ ಬಂತೆಂದರೆ, ಬೆಳಗಿನ ಒಂದು ಗುಟುಕು ಸಿಹಿ ಕಾಫಿ ಗಂಟಲಿಗೆ ವಾಪಸು ಬಂದಂತಾಯಿತು. ಅಕ್ಕನ ಮನೆಯ ನಡುಮನೆಯಲ್ಲಿ, ಕೆಲಸ ಸಿಗದ ಆ ಎರಡು ವರ್ಷ, ರಾತ್ರಿ ಪಾಳಿ ಮುಗಿಸಿ ಬಂದ ಭಾವ ಮಲಗಿದ್ದ ತನ್ನನ್ನು ಎಬ್ಬಿಸಬಾರದೆಂದು ಕತ್ತಲಲ್ಲೇ ಬಟ್ಟೆ ಬದಲಿಸುತ್ತಿದ್ದ. ತಾನು ಎಚ್ಚರವಾಗಿದ್ದೂ ನಿದ್ದೆ ಬಂದವನಂತೆ ಮಲಗಿರುತ್ತಿದ್ದ. ಅವನು ಬಗ್ಗಿ ಕೆಳಗಿನ ಡ್ರಾಯರಿನ ಬೀಗ ತೆಗೆದ. "ಏನು ಹುಡುಕ್ತಿದೀರಿ?" ಎಂದರು ಮ್ಯಾನೇಜರು. "ಕನ್ನಡಕ," ಎಂದು ಡಬ್ಬಿಯನ್ನು ಜೇಬಿಗಿಳಿಸಿದ. ಅವನ ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು.

ಗೂಡು ಎಂದರೆ ನೂರು ಮೀಟರ್ ಉದ್ದದ ಸುರಂಗ. ಒಂದು ತುದಿಯಲ್ಲಿ ಹಸಿ ಟೈಲ್ಸು ರೋಲರುಗಳ ಮೇಲೆ ಉರುಳುತ್ತ ಒಳಗೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಸುಟ್ಟು ಬರುತ್ತದೆ. ಬಾಯಿಯ ಹತ್ತಿರ ನಾಲ್ಕೈದು ಜನ ನಿಂತಿದ್ದರು, ಅವರ ನಡುವೆ ಲ್ಯಾಬಿನ ಕಡೆಯಲ್ಲಿ ಭಾವ. ಬೆಂಕಿ ಕೈಗೆ ಬಂದಿದ್ದರೂ ಗಾಜಿನ ಕೋಣೆಯಲ್ಲಿ ಕೂತಿರಲಿಲ್ಲ, ಕೈಗವಸನ್ನೂ ತೆಗೆದಿರಲಿಲ್ಲ. ಹತ್ತಿರದಿಂದ ನೋಡಿ ಎಷ್ಟು ಕಾಲವಾಯಿತು! ಹುಬ್ಬು ಪೂರ್ತಿ ನರೆತಿದೆ. ಹೊಟ್ಟೆ ಯಾಕೋ ಬಂದಿದೆ. ಕೊರಗಿ ಸೊರಗಿರುತ್ತಾನೆಂದು ಹನ್ನೊಂದು ತಿಂಗಳು ತಾನು ಊಹಿಸಿಕೊಂಡು ಸಂಕಟಪಟ್ಟ ಮನುಷ್ಯ ದಪ್ಪಗಾಗಿದ್ದಾನೆ. ಅಷ್ಟು ಗಾಬರಿಯಲ್ಲೂ ಅವನಿಗೆ ಇದರಿಂದ ಸ್ವಲ್ಪ ಮೋಸವಾದಂತೆ ಅನಿಸಿತು. ಕಾಲು ಅಭ್ಯಾಸಬಲದಿಂದ ಗೋಡೆಯ ಕಡೆಗೇ ಎಳೆಯಿತು. ಕೆಂಪು ಬಕೆಟ್ಟು ಕಂಡಿತು. ಅವನು ನಿಂತ, ತಿರುಗಿ ಈಚೆ ಬಂದ. ಭಾವನ ಪಕ್ಕಕ್ಕೆ, ಮಧ್ಯೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಬಿಟ್ಟು ನಿಂತುಕೊಂಡ.

"ಸಾರ್," ಎಂದ. ಗೂಡಿನ ಸದ್ದಿಗೆ ಕೇಳಿಸಲಿಲ್ಲ. "ಸಾರ್!" ಎಂದು ಕೂಗಿದ್ದು ಬೇಕಾದದ್ದಕ್ಕಿಂತ ಜೋರಾಗಿ, ಎಲ್ಲರೂ ತಿರುಗಿ ನೋಡಿದರು.

"ಟೈಲ್ಸು ಹಳದಿ ಬಂದ್ರೆ ಅದು ಬೆಂಕಿ ತಪ್ಪಲ್ಲ. ನನ್ನದು. ಮೊನ್ನೆ ನಾನು ಆ ಕಡೆ ನಿಂತು ಬಿಲ್ಲೆ ತಗೊಂಡೆ. ಎಡದ್ದು ಬಲ, ಬಲದ್ದು ಎಡ ಆಗಿದೆ. ಕೆಟ್ಟ ಕಲ್ಲನ್ನ ಪಾಸ್ ಮಾಡಿದೀನಿ, ಒಳ್ಳೇದನ್ನ ಅಲ್ಲಿ ಲಾರಿಗೆ ತುಂಬ್ತಿದಾರೆ."

ಮ್ಯಾನೇಜರ ಕೈ ದವಡೆಯಿಂದ ಕೆಳಗಿಳಿಯಿತು. "ಏನು ಹೇಳ್ತಿದೀರಿ ನೀವು?"

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸುತ್ತೇನೆ ಎಂದೇ ಅಂದುಕೊಂಡಿದ್ದ. ಆದರೆ ಒಂದು ಗುಟುಕು ಹೊರಗೆ ಬಿದ್ದ ಮೇಲೆ ಉಳಿದದ್ದು ಒಳಗೆ ನಿಲ್ಲಲಿಲ್ಲ. ಕನ್ನಡಕದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಕಂದು ಚುಕ್ಕಿಯ ಬಿಲ್ಲೆಯನ್ನು ಅಂಗೈ ಮೇಲಿಟ್ಟು ಮುಂದೆ ಹಿಡಿದ. "ಇದು ಕಳೆದ ವರ್ಷದ ಕಲ್ಲು. ಆವತ್ತು ಇದನ್ನ ನಾನು ಸುಡದೇನೇ ಪಾಸ್ ಬರೆದಿದ್ದೆ. ಸಭೆಯಲ್ಲಿ ಸುಳ್ಳು ಹೇಳಿದೆ. ಬೆಂಕಿ ಸರಿಯಾಗಿತ್ತು ಸಾರ್." ಮತ್ತೆ ಮೂರೇ ಪದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನಿಗೆ ಹೋದದ್ದರ ಬಗ್ಗೆ ದುಃಖವಾಗಲಿಲ್ಲ. ಮೊದಲನೇ ಸಲ, ಹನ್ನೊಂದು ತಿಂಗಳಲ್ಲಿ ಮೊದಲನೇ ಸಲ, ಕೈ ಜೇಬು ತಡವಲು ಹೋಗಲಿಲ್ಲ. ಪ್ಯಾಕಿಂಗಿನ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅವನು ಭಾವನ ಕಡೆ ತಿರುಗಿದ. ಮುಖ ನೋಡಿದ.

ಭಾವ ಬಿಲ್ಲೆಯನ್ನು ನೋಡಲೇ ಇಲ್ಲ. "ಲಾರಿ ಹೋಗ್ಲಿ ಬಿಡಿ ಸಾರ್," ಎಂದ ಮ್ಯಾನೇಜರಿಗೆ. "ಅದೇ ಕೆಟ್ಟ ಕಲ್ಲು."

"ಇಲ್ಲ ಭಾವ, ನಾನು ಆ ಕಡೆ..."

"ನೀನು ಆ ಕಡೆ ಹೋದೆ. ನಾನೇನು ಕುರುಡನಾ? ಮೂವತ್ತು ವರ್ಷದಿಂದ ಈ ಕಡೆ ನಿಂತು, ಎಡದ್ದು ಎಡ ಜೇಬಿಗೆ, ಬಲದ್ದು ಬಲ ಜೇಬಿಗೆ ಹಾಕ್ಕೊಂಡು ಹೋಗೋನು ನೀನು. ಗುರುತು ಹಾಕೋದಿಲ್ಲ, ಜಂಬ. ಮೊನ್ನೆ ನನ್ನ ಮುಖ ನೋಡೋಕಾಗದೆ ಆ ಕಡೆ ಹೋಗಿ ಗೋಡೆ ಓದ್ತಾ ನಿಂತ್ಯಲ್ಲ. ಟೈಲ್ಸು ಬಂತು, ನೀನು ಇನ್ನೂ ಓದ್ತಾನೇ ಇದ್ದೆ. ಇವನು ಹೀಗೇ ತಗೊಂಡು ಹೋದ್ರೆ ಉಲ್ಟಾ ಆಗುತ್ತೆ ಅಂತ ಟೈಲ್ಸನ್ನ ಅರ್ಧ ಸುತ್ತು ತಿರುಗಿಸಿ ಇಟ್ಟೆ. ನಿನ್ನ ಎಡ ನಿನ್ನ ಎಡಕ್ಕೇ ಬಂತು." ಭಾವ ಕೈಗವಸಿನ ಕೈಯನ್ನು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿ ತೋರಿಸಿದ.

"ಹೇಳಬಾರದಿತ್ತಾ?"

"ನೀನು ತಿರುಗಿದ್ರೆ ತಾನೆ ಹೇಳೋದು! ಬೆನ್ನಿಗೆ ಹೇಳ್ಲಾ?"

ಅಷ್ಟರಲ್ಲಿ ಮೊದಲ ಸಾಲು ಬಂತು. ಒಂದರ ಹಿಂದೆ ಒಂದು, ಐದು ಟೈಲ್ಸು, ಬಿಸಿಯ ಅಲೆಯೊಳಗಿಂದ ಮೆಲ್ಲಗೆ ಹೊರಗೆ ಬಂದವು. ಬಿಳಿ. ಅಪ್ಪಟ ಬಿಳಿ, ಒಂದು ಚುಕ್ಕಿಯಿಲ್ಲ. ಯಾರೋ ಶಿಳ್ಳೆ ಹಾಕಿದರು. ಭಾವ ಒಂದನ್ನು ಎತ್ತಿ, ಫ್ಯಾನಿನ ಕೆಳಗೆ ಆರಲು ಬಿಟ್ಟು, ಮೂಲೆಯನ್ನು ಸುತ್ತಿಗೆಯಿಂದ ತಟ್ಟಿ ಮುರಿದು ಚೂರನ್ನು ಅವನ ಕೈಗೆ ಕೊಟ್ಟ. ಮುರಿದ ಅಂಚನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು ಅವರಿಬ್ಬರ ಹಳೆಯ ಪರೀಕ್ಷೆ, ಯಾವ ನಿಯಮದಲ್ಲೂ ಬರೆದಿಲ್ಲದ್ದು. ಕಲ್ಲು ಸರಿಯಾಗಿ ಕರಗದಿದ್ದರೆ ಒಳಗೆ ಸಣ್ಣ ಸಣ್ಣ ತೂತು ಉಳಿದು ಚೂರು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ಅವನು ನಾಲಿಗೆ ಚಾಚಿದ. ಐವತ್ತೆರಡು ವರ್ಷದ ಕೆಮಿಸ್ಟು, ಕಣ್ಣಲ್ಲಿ ನೀರು, ಮ್ಯಾನೇಜರ ಎದುರಿಗೆ ಟೈಲ್ಸು ನೆಕ್ಕುತ್ತ ನಿಂತಿದ್ದ. ಅಂಟಲಿಲ್ಲ. ಹೋದ ಜೀವ ಬಂದಂತಾಯಿತು.

ಮ್ಯಾನೇಜರಿಗೆ ಸಂತೋಷಪಡುವುದೋ ಸಿಟ್ಟಾಗುವುದೋ ತಿಳಿಯಲಿಲ್ಲ. ಟೈಲ್ಸನ್ನು ನೋಡಿದರು, ಅವನನ್ನು ನೋಡಿದರು, ದವಡೆ ಹಿಡಿದುಕೊಂಡರು. "ಕಳೆದ ವರ್ಷದ್ದನ್ನ ಬರೆದುಕೊಡಿ. ಇವತ್ತೇ. ಮೇಲಿನವರಿಗೆ ಕಳಿಸ್ಬೇಕು, ನಿಮಗೆ ಏನಾಗುತ್ತೋ ನನಗೆ ಗೊತ್ತಿಲ್ಲ." "ಬರೀತೀನಿ ಸಾರ್," ಎಂದ ಅವನು, ಬಹುಮಾನ ಕೊಡುತ್ತೇನೆ ಎಂದವರಿಗೆ ಹೇಳುವ ದನಿಯಲ್ಲಿ. ಲ್ಯಾಬಿಗೆ ಹೋಗಿ ಬರೆದ. ನಾಲ್ಕು ಸಾಲಾಯಿತು. ಹನ್ನೊಂದು ತಿಂಗಳು ಹೊತ್ತದ್ದು ನಾಲ್ಕೇ ಸಾಲು ಎಂದು ನಂಬಲಾಗದೆ ಹಾಳೆಯನ್ನು ಮಗುಚಿಯೂ ನೋಡಿದ. ಕೆಲಸ ಹೋಗಬಹುದು, ಸಂಬಳ ಕಡಿಮೆಯಾಗಬಹುದು, ಗೂಡಿನ ಬಾಯಲ್ಲಿ ತನ್ನನ್ನೇ ನಿಲ್ಲಿಸಬಹುದು. ಒಂದೊಂದನ್ನೂ ಎದುರಿಗೆ ತಂದುಕೊಂಡು ಹೆದರಲು ಪ್ರಯತ್ನಿಸಿದ. ಹೆದರಿಕೆ ಬರಲಿಲ್ಲ, ಹಸಿವಾಯಿತು. ಬೆಳಿಗ್ಗೆ ಏನೂ ತಿಂದಿರಲಿಲ್ಲ ಎಂಬುದು ಆಗ ನೆನಪಾಯಿತು.

ಬಾಗಿಲು ತಟ್ಟದೆ ಭಾವ ಒಳಗೆ ಬಂದ. ಕೈಯಲ್ಲಿ ಊಟದ ಡಬ್ಬಿ, ನಾಲ್ಕು ಅಂತಸ್ತಿನದು. ಲ್ಯಾಬಿನ ಸ್ಟೂಲು ಎಳೆದುಕೊಂಡು ಕೂತು, ತಕ್ಕಡಿಯನ್ನು ಅತ್ತ ಸರಿಸಿ, ಒಂದೊಂದೇ ಅಂತಸ್ತನ್ನು ಬಿಚ್ಚಿ ಇಟ್ಟ.

"ಭಾವ, ಕಳೆದ ವರ್ಷ ಕಲ್ಲು ಕೆಟ್ಟಿದ್ದು ನಿಮಗೆ ಆಗಲೇ ಗೊತ್ತಿತ್ತಾ?"

"ನನ್ನ ಬೆಂಕಿ ಸರಿ ಇತ್ತು ಅಂತ ನನಗೆ ಗೊತ್ತು. ಆಮೇಲೆ ಉಳಿದಿದ್ದೇನು? ಕಲ್ಲೇ ತಾನೆ?"

"ಹಾಗಾದ್ರೆ ಯಾಕೆ ಸುಮ್ಮನಿದ್ರಿ?"

"ಇಬ್ಬರಲ್ಲಿ ಒಬ್ಬನ ತಲೆ ಹೋಗ್ಬೇಕಿತ್ತು. ನಿನ್ನದು ಹೋಗಿದ್ರೆ ಮನೇಲಿ ನಿಮ್ಮಕ್ಕನ ಕೈಲಿ ನನ್ನದೂ ಹೋಗ್ತಿತ್ತು. ಒಂದರಲ್ಲೇ ಮುಗೀಲಿ ಅಂತ." ನಗು ಬರಲಿಲ್ಲ ಎಂದು ಕಂಡು ಭಾವ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟ. "ನೋವಾಗಲಿಲ್ಲ ಅಂತಲ್ಲ. ಆಯ್ತು. ಇವತ್ತು ಬಂದು ಹೇಳ್ತಾನೆ, ನಾಳೆ ಬಂದು ಹೇಳ್ತಾನೆ ಅಂತ ಕಾದೆ. ನೀನು ನನ್ನನ್ನ ಕಂಡ್ರೆ ಓಡಿ ಹೋಗ್ತಿದ್ದೆ. ಅದೇ ಹೆಚ್ಚು ನೋವಾಗಿದ್ದು."

ತಪ್ಪಾಯಿತು ಎನ್ನಬೇಕಿತ್ತು. ಎಂದ ಕೂಡ, ಆದರೆ ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ಭಾವ ಅದನ್ನು ಕೇಳಿಸಿಕೊಂಡವನಂತೆ ತಲೆಯಾಡಿಸಿ, ಕೆಳಗಿನ ಎರಡು ಅಂತಸ್ತುಗಳನ್ನು ಅವನ ಮುಂದೆ ತಳ್ಳಿದ. ಅನ್ನ, ಅದರ ಪಕ್ಕ ಹುರಿದ ಬದನೆಕಾಯಿ. ಅವನಿಗೆ ಇಷ್ಟವೆಂದು ಅಕ್ಕ ಹೆಚ್ಚು ಕರಿಮೆಣಸು ಹಾಕಿ ಮಾಡುವುದು. ಭಾವನಿಗೆ ಖಾರ ಆಗಿಬರುವುದಿಲ್ಲ.

"ಇದೇನು ಭಾವ? ಇವತ್ತು ಹೀಗಾಗುತ್ತೆ ಅಂತ ಅಕ್ಕನಿಗೆ ಮೊದಲೇ ಗೊತ್ತಿತ್ತಾ?"

"ಇವತ್ತಲ್ಲ, ದಿನಾ ಕಳಿಸ್ತಾಳೆ. ಮೊದಲು ಹೇಗೆ ಕಳಿಸ್ತಿದ್ಲೋ ಹಾಗೇ. ಮೇಲಿನೆರಡು ನನಗೆ, ಕೆಳಗಿನೆರಡು ತಮ್ಮನಿಗೆ." ಭಾವ ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡ. "ಹನ್ನೊಂದು ತಿಂಗಳು ಎರಡಾಳಿನ ಊಟ ನಾನೊಬ್ಬನೇ ತಿಂದಿದೀನಿ. ಖಾಲಿ ಮಾಡದೆ ತಗೊಂಡು ಹೋದ್ರೆ ಕೇಳ್ತಾಳಲ್ಲ, ತಮ್ಮ ಯಾಕೆ ತಿನ್ನಲಿಲ್ಲ ಅಂತ."

"ಅಂದ್ರೆ, ಅಕ್ಕನಿಗೆ..."

"ನಾನು ಹೇಳಿಲ್ಲ. ಮಂಡಿ ನೋವು ಅಂತ ನಾನೇ ಕೇಳಿ ಗಾಜಿನ ಕೋಣೆ ಬಿಟ್ಟೆ ಅಂದಿದೀನಿ. ನಿನಗೆ ಕೆಲಸ ಜಾಸ್ತಿ, ಅದಕ್ಕೇ ಮನೆ ಕಡೆ ಬರ್ತಿಲ್ಲ ಅಂದಿದೀನಿ."

ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಕೇಳಿದ ಮಾತು ಈಗ ಅವನಿಗೆ ಸರಿಯಾಗಿ ಕೇಳಿಸಿತು. ತಮ್ಮನಿಗೆ ಇನ್ನೂ ಕೆಲಸ ಜಾಸ್ತೀನೇನಾ. ಅಕ್ಕ ಚುಚ್ಚಿರಲಿಲ್ಲ, ಕೇಳಿದ್ದಳು ಅಷ್ಟೆ. ಅವನು ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡ. ಖಾರಕ್ಕೆ ಕಣ್ಣು ತುಂಬಿತು, ಮೂಗು ಸೋರಿತು. ಖಾರ ಒಳ್ಳೆಯ ನೆಪವಾಯಿತು. ಭಾವ ಮೇಜಿನ ಮೇಲಿದ್ದ ಎರಡು ಹಸಿ ಬಿಲ್ಲೆಗಳಲ್ಲಿ ಒಂದನ್ನು ಎತ್ತಿ, ಬೆನ್ನು ಮಗುಚಿ, ಸೂಜಿಯ ಗೀಟುಗಳನ್ನು ಎಣಿಸಿದ.

"ಮೂರು ಗೀಟಾ? ಇರೋದು ಎರಡೇ ರಾಶಿ ಅಲ್ವೇನೋ?"

"ಕೈ ನಡುಗ್ತು ಭಾವ."

"ಸಂಜೆ ಮನೆಗೆ ಬಾ," ಎಂದ ಭಾವ. "ಡಬ್ಬಿ ನೀನೇ ತೊಳೆದು ತಂದುಕೊಡು. ಕೆಲಸ ಕಡಿಮೆ ಆಯ್ತು ಅಂತ ಅಕ್ಕನಿಗೆ ನೀನೇ ಹೇಳು."